ವಿಜಾಪುರ ಸೀಮೆಯ ಬರಗಾಲವೂ ಸರಕಾರದ ಪರಿಹಾರವೂ

ವಿಜಾಪುರವೆಂದೊಡನೆ ಹೊರನಾಡಿನವರ ಕಣ್ಣೆದುರು ನಿಲ್ಲುವದು ಗೋಳಗುಮ್ಮಟ. ನಮ್ಮ ಸೀಮೆಯ ಇತಿಹಾಸವನ್ನು ಬರೆದವರೂ ಬಹುಮಟ್ಟಿಗೆ ಚಾಲುಕ್ಯರ ಗುಡಿಗಳನ್ನೂ ಆದಿಲಶಾಹಿ ಅರಸರ ಗುಮ್ಮಟಗಳನ್ನೂ ಕುರಿತೇ ಬರೆದಿದ್ದಾರೆ. ಆದರೆ ಆ ಗುಮ್ಮಟಗಳ ನೆರಳಿನಾಚೆ, ಎರೆಹೊಲದಲ್ಲಿ ಕೂರಿಗೆ ಹಿಡಿದು ಮುಗಿಲು ನೋಡುತ್ತ ನಿಂತ ಒಕ್ಕಲಿಗನಿಗೂ ಒಂದು ಇತಿಹಾಸವುಂಟು. ಅದು ಶಿಲಾಶಾಸನಗಳಲ್ಲಿಲ್ಲ, ಕುಲಕರ್ಣಿಯ ದಫ್ತರದಲ್ಲಿ, ಮಾಮಲೇದಾರರ ಕಚೇರಿಯ ಕಡತಗಳಲ್ಲಿ, ಇತ್ತೀಚೆಗೆ ಗಣಕಯಂತ್ರದ ತೆರೆಯ ಮೇಲೆ ಇದೆ.

ಮಳೆ ಕೈಕೊಟ್ಟ ವರ್ಷ ಸರಕಾರವು ರೈತನಿಗೆ ಏನು ಕೊಟ್ಟಿತು, ಹೇಗೆ ಕೊಟ್ಟಿತು, ಯಾರ ಕೈಗೆ ಕೊಟ್ಟಿತು? ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಸುಮಾರು ನೂರೈವತ್ತು ವರ್ಷಗಳ ಹಾದಿಯನ್ನು ನೋಡುವದು ಈ ಲೇಖನದ ಉದ್ದೇಶ. ಬರೆಯುವವನು ಇತಿಹಾಸದ ಪಂಡಿತನಲ್ಲ. ಪುಣೆಯ ಒಂದು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದುದರಿಂದ ಅರಸರ ದಂಡಯಾತ್ರೆಗಳಿಗಿಂತ ಖಜಾನೆಯ ಜಮಾ ಖರ್ಚಿನ ಕಡೆಗೇ ನನ್ನ ದೃಷ್ಟಿ ಹೆಚ್ಚಾಗಿ ಹೋಗುವದು ಸ್ವಾಭಾವಿಕ.

ಈ ಹಾದಿಯಲ್ಲಿ ಸರಕಾರದ ನೆರವು ನಾಲ್ಕು ಸಲ ವೇಷ ಬದಲಿಸಿದೆ. ಮೊದಲು ಅದು ಕೂಲಿಯಾಗಿ ಬಂತು. ಆಮೇಲೆ ಸಾಲವಾಗಿ, ಕಂದಾಯದ ರಿಯಾಯತಿಯಾಗಿ ಬಂತು. ಕಡೆಗೆ ಮರಳಿ ಕೊಡಬೇಕಿಲ್ಲದ ಸಹಾಯಧನವಾಗಿ ನೇರವಾಗಿ ಬ್ಯಾಂಕಿನ ಖಾತೆಗೆ ಬರತೊಡಗಿತು. ವೇಷ ಬದಲಾದರೂ ಕೂಲಿಯ ಕಾಲವೊಂದನ್ನು ಬಿಟ್ಟರೆ ಮಿಕ್ಕೆಲ್ಲ ಕಾಲದಲ್ಲಿಯೂ ಬಾಗಿಲಲ್ಲಿ ಕೇಳುವ ಪ್ರಶ್ನೆ ಒಂದೇ: "ದಫ್ತರದಲ್ಲಿ ಯಾರ ಹೆಸರಿದೆ?" ಈ ಪ್ರಶ್ನೆ ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರಿಗೆ ಎಷ್ಟು ಸಂಬಂಧಿಸಿದೆಯೋ ಪುಣೆ ಸೇರಿದ ನಮಗೂ ಅಷ್ಟೇ ಸಂಬಂಧಿಸಿದೆ ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು.

ಮಳೆ ನಂಬಿದ ನೆಲ

ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ೧೯೯೭ರವರೆಗೆ ಕೂಡಿಯೇ ಇದ್ದವು. ಆಂಗ್ಲರ ಕಾಲದಲ್ಲಿ ಇದು ಮುಂಬಯಿ ಇಲಾಖೆಗೆ ಸೇರಿದ ಜಿಲ್ಲೆ. ೧೮೮೦ರ ದಶಕದ ನಡುವಿನವರೆಗೆ ಇದರ ಮುಖ್ಯ ಠಾಣ್ಯವು ಕಲಾದಗಿಯಾಗಿದ್ದುದರಿಂದ ಹಳೆಯ ಕಾಗದಪತ್ರಗಳಲ್ಲಿ ಕಲಾದಗಿ ಜಿಲ್ಲೆಯೆಂದೇ ಕಾಣುವದು. ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆಗಳು ಈ ಸೀಮೆಯನ್ನು ಮುಟ್ಟಿ ಹರಿಯುತ್ತಿದ್ದರೂ ಅವುಗಳ ನೀರು ಬಹು ಕಾಲದವರೆಗೆ ಹೊಲಕ್ಕೆ ಏರಲಿಲ್ಲ. ನದಿ ಕಣ್ಣಿಗೆ, ಮಳೆ ಹೊಟ್ಟೆಗೆ ಎಂಬಂತಹ ಸ್ಥಿತಿ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ೬೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಬಿಳಿಜೋಳ, ಕಡಲೆ, ಕುಸುಬಿಗಳಿಗೆ ಆಧಾರವಾದುದು ಮುಂಗಾರಲ್ಲ, ಹಿಂಗಾರು. ಭಾದ್ರಪದ ಆಶ್ವಯುಜಗಳಲ್ಲಿ ಉತ್ತರಿ ಹಸ್ತದ ಮಳೆ ಬಿದ್ದು ಎರೆ ನೆಲ ಆಳವಾಗಿ ನೆನೆದರೆ ಮುಂದೆ ಹನಿ ಬೀಳದಿದ್ದರೂ ಜೋಳ ಚಳಿಗೆ ಬೆಳೆದು ನಿಲ್ಲುವದು. ಡೋಣಿ ಹೊಳೆ ಹರಿದರೆ ಓಣಿ ತುಂಬ ಕಾಳು ಎಂಬ ಮಾತು ಈ ನೆಲದ ಫಲವತ್ತತೆಗೆ ಸಾಕ್ಷಿ. ಆದರೆ ಆ ಎರಡು ಮಳೆ ತಪ್ಪಿದರೆ ಇಡೀ ವರ್ಷವೇ ತಪ್ಪಿದಂತೆ. ಎರಡನೆಯ ಬೆಳೆಯ ಆಸೆಯಿಲ್ಲ. ಕಣಜದಲ್ಲಿ, ಹಗೆಯಲ್ಲಿ ಹಿಂದಿನ ವರ್ಷದ ಜೋಳವಿದ್ದವನು ಉಳಿಯುವನು, ಇಲ್ಲದವನು ಗುಳೆ ಹೋಗುವನು. ೧೭೯೧-೯೨ರ ಘೋರ ಬರಕ್ಕೆ ತಲೆಬುರುಡೆಯ ಬರವೆಂದು ಹೆಸರು ಬಿದ್ದುದು, ಸತ್ತವರನ್ನು ಮಣ್ಣು ಮಾಡಲೂ ಜನರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬ ಕಾರಣಕ್ಕೆ.

ಕಲ್ಲೊಡೆದವನಿಗೆ ಕಾಳು

ಸರಕಾರದ ಪರಿಹಾರಕ್ಕೆ ದಾಖಲೆಗಳಲ್ಲಿ ಕ್ರಮಬದ್ಧವಾದ ರೂಪ ಕಾಣತೊಡಗುವದು ೧೮೭೬-೭೮ರ ಮಹಾಬರದ ಕಾಲದಿಂದ. ಮದ್ರಾಸು, ಮೈಸೂರು, ಹೈದರಾಬಾದು, ಮುಂಬಯಿ ಈ ನಾಲ್ಕೂ ಪ್ರಾಂತಗಳನ್ನು ಆವರಿಸಿದ ಆ ಬರದಲ್ಲಿ ಮುಂಬಯಿ ಇಲಾಖೆಯ ಮಟ್ಟಿಗೆ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಾದಗಿ ಒಂದು.

ಆಗಿನ ಪರಿಹಾರವೆಂದರೆ ದುಡಿಮೆ. ರಸ್ತೆ ಹಾಕುವದು, ಕೆರೆ ತೋಡುವದು, ಕಲ್ಲು ಒಡೆಯುವದು. ಕೆಲಸದ ಸ್ಥಳಕ್ಕೆ ಬಂದು ಗೊತ್ತುಪಡಿಸಿದ ಅಳತೆಯ ಕೆಲಸ ಮಾಡಿದವನಿಗೆ ಕೂಲಿ. ನಿಜವಾಗಿ ಹಸಿದವನು ಮಾತ್ರ ಬಿಸಿಲಲ್ಲಿ ಕಲ್ಲೊಡೆಯಲು ಬರುವನು, ಆದುದರಿಂದ ಬೇರೆ ಪರೀಕ್ಷೆಯೇ ಬೇಡವೆಂದು ಅಧಿಕಾರಿಗಳ ತರ್ಕ. ಹೊಲದೊಡೆಯನಾದ ರೈತನೂ ಕೂಲಿಯವನೂ ಒಂದೇ ಸಾಲಿನಲ್ಲಿ ಸುತ್ತಿಗೆ ಹಿಡಿದು ಕೂಡಬೇಕಾಯಿತು. ಎತ್ತು ಸತ್ತದ್ದಕ್ಕೆ, ಬೀಜ ಮಣ್ಣುಪಾಲಾದದ್ದಕ್ಕೆ ಈ ಲೆಕ್ಕದಲ್ಲಿ ಕಲಮು ಇರಲಿಲ್ಲ.

೧೮೭೭ರ ಆರಂಭದಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿ ಬರಪೀಡಿತ ಪ್ರಾಂತಗಳನ್ನು ನೋಡಲು ಬಂದವನು ಸರ್ ರಿಚರ್ಡ್ ಟೆಂಪಲ್. ಅದೇ ವರ್ಷ ಅವನು ಮುಂಬಯಿಯ ಗವರ್ನರನೂ ಆದನು. ಖರ್ಚು ಕಡಿಮೆ ಮಾಡುವದೇ ಅವನಿಗೆ ಕೊಟ್ಟ ಕಟ್ಟಪ್ಪಣೆ. ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ, ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ ಎಂದು ಅವನು ಕೂಲಿಯನ್ನು ಇಳಿಸಿದನು. ಒಂದು ಪೌಂಡೆಂದರೆ ಇಂದಿನ ಲೆಕ್ಕದಲ್ಲಿ ೪೫೦ ಗ್ರಾಮು. ದಿನವಿಡೀ ಕಲ್ಲೊಡೆಯುವ ಮೈಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯ ಕಮಿಶನರನಾಗಿದ್ದ ಡಾಕ್ಟರ್ ಕಾರ್ನಿಶ್ ಬಲವಾಗಿ ವಿರೋಧಿಸಿದನು.

ಜನ ಸುಮ್ಮನಿರಲಿಲ್ಲ. ಕೂಲಿ ಇಳಿದಾಗ ಮುಂಬಯಿ ಇಲಾಖೆಯ ಬರದ ಕಾಮಗಾರಿಗಳಿಂದ ಸಾವಿರಾರು ಮಂದಿ ಸುತ್ತಿಗೆ ಬುಟ್ಟಿ ಬಿಟ್ಟು ಹೊರಟುಹೋದರು. ಹಸಿದ ಹೊಟ್ಟೆಯವರು ಕೂಲಿಯನ್ನು ತಿರಸ್ಕರಿಸಿ ನಡೆದ ಆ ಮುಷ್ಕರವು ನಮ್ಮ ಶಾಲೆಯ ಪಾಠಗಳಲ್ಲಿ ಬಾರದಿರುವದು ವಿಷಾದದ ಸಂಗತಿ. ಆಗ ಅವರ ಪರವಾಗಿ ಸರಕಾರಕ್ಕೆ ಒಂದರ ಮೇಲೊಂದು ಅರ್ಜಿ ಬರೆದದ್ದು ನಾವೀಗ ವಾಸವಾಗಿರುವ ಈ ಪುಣೆ ನಗರದ ಸಂಸ್ಥೆ. ೧೮೭೦ರಲ್ಲಿ ಸ್ಥಾಪಿತವಾದ ಪುಣೆ ಸಾರ್ವಜನಿಕ ಸಭೆಯು ಗಣೇಶ ವಾಸುದೇವ ಜೋಶಿಯವರ ಮುಂದಾಳುತನದಲ್ಲಿ ಹಳ್ಳಿಹಳ್ಳಿಯ ಸುದ್ದಿ ತರಿಸಿ ಬರದ ನಿಜಸ್ಥಿತಿಯನ್ನು ಅಚ್ಚಿಗೆ ತಂದಿತು. ಕನ್ನಡ ಸೀಮೆಯ ಸಂಕಟಕ್ಕೆ ಪುಣೆ ದನಿಗೂಡಿಸಿದ ಈ ಸಂಗತಿಯನ್ನು ರಾಜ್ಯೋತ್ಸವದ ಹೊತ್ತಿನಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಬರದ ಲೆಕ್ಕ ಜನಗಣತಿಯಲ್ಲಿ ಉಳಿದಿದೆ. ೧೮೭೨ರಲ್ಲಿ ಎಂಟು ಲಕ್ಷಕ್ಕೆ ಮೇಲಿದ್ದ ಜಿಲ್ಲೆಯ ಜನಸಂಖ್ಯೆ ೧೮೮೧ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಐವರಲ್ಲಿ ಒಬ್ಬರು ಇಲ್ಲ. ಕೆಲವರು ಸತ್ತರು, ಕೆಲವರು ದೇಶಾಂತರ ಹೋದರು.

ಇದರಿಂದ ಎರಡು ಸಂಗತಿಗಳು ಹುಟ್ಟಿದವು. ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು ೧೮೮೦ರಲ್ಲಿ ವರದಿ ಒಪ್ಪಿಸಿ, ಬರದಲ್ಲಿ ಪ್ರಾಣ ಉಳಿಸುವದು ಸರಕಾರದ ಕರ್ತವ್ಯವೆಂದು ಒಪ್ಪಿಕೊಂಡಿತು. ಅದರ ಮೇಲಿಂದ ೧೮೮೩ರಲ್ಲಿ ಕ್ಷಾಮ ಸಂಹಿತೆ ಸಿದ್ಧವಾಯಿತು. ಎರಡನೆಯದು, ರೈಲುಮಾರ್ಗ. ಬರದ ಸೀಮೆಗೆ ಧಾನ್ಯ ಸಾಗಿಸಲೆಂದು ೧೮೮೦ರ ದಶಕದಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿನವರೆಗೆ ಹಳಿ ಹಾಸಲಾಯಿತು. ಧಾನ್ಯ ತರಲು ಬಂದ ಅದೇ ಹಳಿ ಮುಂದೆ ನಮ್ಮ ಹಿರಿಯರನ್ನು ಸೊಲ್ಲಾಪುರದ ಗಿರಣಿಗಳಿಗೂ ಪುಣೆ ಮುಂಬಯಿಗಳಿಗೂ ಹೊತ್ತು ತಂದಿತು. ನಮ್ಮಲ್ಲಿ ಅನೇಕರು ಇಲ್ಲಿರುವದು ಆ ಬರದ ರೈಲಿನಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

ತಗಾವಿ ಎಂಬ ಬಲ

ಸಂಹಿತೆಯು ಪ್ರಾಣದ ಮಾತಾಡಿತು. ಬೇಸಾಯದ ಮಾತಾಡಿದವು ಬೇರೆ ಎರಡು ಕಾನೂನುಗಳು. ೧೮೮೩ರ ಭೂಸುಧಾರಣೆ ಸಾಲಗಳ ಕಾನೂನು ಬಾವಿ, ಒಡ್ಡು, ಕೆರೆಗಳಿಗೆ. ೧೮೮೪ರ ಬೇಸಾಯಗಾರರ ಸಾಲಗಳ ಕಾನೂನು ಬೀಜ, ಎತ್ತು ಮತ್ತು ಸಂಕಟ ಪರಿಹಾರಕ್ಕೆ. ಈ ಎರಡರ ಕೆಳಗೆ ಕೊಡುತ್ತಿದ್ದ ಹಣವೇ ನಮ್ಮ ಅಜ್ಜಂದಿರ ಬಾಯಲ್ಲಿ ನಿಂತ ತಗಾವಿ. ಅರಬ್ಬೀ ಮೂಲದ ಈ ಶಬ್ದಕ್ಕೆ ಬಲ ಕೊಡುವದು ಎಂಬ ಅರ್ಥವಿದೆ. ಅರ್ಥ ಬಹಳ ಚೆನ್ನಾಗಿದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಸಾಲವೇ.

ತಗಾವಿ ಬೇಕಾದವನು ಮಾಮಲೇದಾರರಿಗೆ ಅರ್ಜಿ ಕೊಡಬೇಕು. ಜಮೀನನ್ನೋ ಜಾಮೀನುದಾರನನ್ನೋ ತೋರಿಸಬೇಕು. ಬಡ್ಡಿ ಸಹಿತ ಕಂತುಗಳಲ್ಲಿ ತೀರಿಸಬೇಕು. ತೀರಿಸದಿದ್ದರೆ ಭೂಕಂದಾಯದ ಬಾಕಿಯಂತೆಯೇ ವಸೂಲಿ, ಅಂದರೆ ಜಪ್ತಿಯೂ ಲಿಲಾವೂ ಬೆನ್ನಿಗೆ. ಸಾವಕಾರನ ಬಡ್ಡಿಗೆ ಹೋಲಿಸಿದರೆ ಸರಕಾರದ ಬಡ್ಡಿ ಹಗುರವಾಗಿತ್ತೆಂಬುದು ನಿರ್ವಿವಾದ. ಆದರೂ ರೈತನು ಸಾವಕಾರನ ಕಟ್ಟೆಯನ್ನೇ ಹತ್ತುತ್ತಿದ್ದನು. ಕಾರಣ ಸರಳ. ಸಾವಕಾರನು ಮುಖ ನೋಡಿ ಅದೇ ದಿನ ಕೊಡುವನು. ಸರಕಾರವು ಕಾಗದ ನೋಡಿ ಹಂಗಾಮು ಮುಗಿದ ಮೇಲೆ ಕೊಡುವದು. ಬಿತ್ತನೆಗೆ ಎಂಟು ದಿನ ತಡವಾಗಿ ಬಂದ ಬೀಜದ ಹಣ ಬೀಜದ ಹಣವಲ್ಲ. ಅದು ಬರಿಯ ಸಾಲ. ಸಾಲ ಕೊಡುವ ಮೇಜಿನ ಈಚೆ ಕುಳಿತು ದುಡಿಯುವ ನನಗೆ ಈ ಮಾತಿನ ಸತ್ಯ ಚೆನ್ನಾಗಿ ತಿಳಿದಿದೆ.

ಇನ್ನೊಂದು ಮುಖ್ಯ ಸಂಗತಿ. ಜಮೀನು ತೋರಿಸಬಲ್ಲವನಿಗೆ ತಗಾವಿ ಸುಲಭ. ಪಾಲಿಗೆ ಮಾಡುವವನಿಗೆ, ಜೀತದವನಿಗೆ, ಹೊಲವಿಲ್ಲದ ವಿಧವೆಗೆ ಅದು ದೂರದ ಬೆಟ್ಟ. ದಫ್ತರದ ಹೆಸರು ಪರಿಹಾರದ ಕೀಲಿಕೈಯಾದದ್ದು ಇಲ್ಲಿಂದ. ಮುಂಬಯಿ ಇಲಾಖೆಯಲ್ಲಿ ೧೯೦೩ರ ಹಕ್ಕುದಾಖಲೆಯ ಕಾನೂನು ಬಂದ ಮೇಲೆ ಆ ಕೀಲಿಕೈ ಮತ್ತಷ್ಟು ಗಟ್ಟಿಯಾಯಿತು. ಪುಣೆಯವರು ಸಾತ್‌ಬಾರಾ ಎನ್ನುವ, ನಮ್ಮ ಕಡೆ ಉತಾರೆ ಎನ್ನುವ, ಹಳೇ ಮೈಸೂರಿನವರು ಪಹಣಿ ಎನ್ನುವ ಕಾಗದ ಈ ಬಗೆಯ ಹಕ್ಕುದಾಖಲೆಯೇ.

ಆಣೆವಾರಿಯ ತಕ್ಕಡಿ

ಮೂರನೆಯ ಬಗೆಯ ನೆರವು ಕಂದಾಯಕ್ಕೆ ಸಂಬಂಧಿಸಿದುದು. ಬೆಳೆ ಹೋದ ವರ್ಷ ಕಂದಾಯವನ್ನು ಮುಂದೂಡುವದಕ್ಕೆ ತಹಕೂಬು ಎಂದೂ ಪೂರ್ತಿ ಬಿಟ್ಟುಕೊಡುವದಕ್ಕೆ ಮಾಫಿ ಎಂದೂ ಹೆಸರು. ಯಾವ ಹಳ್ಳಿಗೆ ಎಷ್ಟು ಎಂಬುದನ್ನು ನಿಶ್ಚಯಿಸುವ ತಕ್ಕಡಿಯೇ ಆಣೆವಾರಿ. ಪೂರ್ಣ ಬೆಳೆಯನ್ನು ರೂಪಾಯಿಯಂತೆ ಹದಿನಾರು ಆಣೆಯೆಂದು ಹಿಡಿದು, ಈ ವರ್ಷ ಎಷ್ಟು ಆಣೆ ಬೆಳೆ ಬಂದಿದೆಯೆಂದು ಅಧಿಕಾರಿಯು ಕಣ್ಣಂದಾಜಿನಿಂದ ಬರೆಯುವನು. ನಾಲ್ಕಾಣೆ ಅಥವಾ ಅದಕ್ಕೂ ಕಡಿಮೆಯಾದರೆ ಆ ವರ್ಷದ ಕಂದಾಯವನ್ನು ಪೂರ್ತಿಯಾಗಿ ತಡೆಹಿಡಿಯಬೇಕೆಂದು ಮುಂಬಯಿ ಇಲಾಖೆಯ ನಿಯಮ.

ನಿಯಮ ನ್ಯಾಯವಾದುದೇ. ಆದರೆ ಅಂದಾಜು ಯಾರದು? ೧೯೧೮ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇದೇ ಪ್ರಶ್ನೆ ದೊಡ್ಡದಾಯಿತು. ಬೆಳೆ ನಾಲ್ಕಾಣೆಗಿಂತ ಕಡಿಮೆಯೆಂದು ರೈತರು, ಹೆಚ್ಚೆಂದು ಅಧಿಕಾರಿಗಳು. ಗಾಂಧೀಜಿಯವರೂ ವಲ್ಲಭಭಾಯಿ ಪಟೇಲರೂ ನಡೆಸಿದ ಆ ಸತ್ಯಾಗ್ರಹದ ಬೇರು ಒಂದು ಆಣೆಯ ಅಂತರದಲ್ಲಿತ್ತು. ವಿಜಾಪುರಕ್ಕೂ ಖೇಡಾಕ್ಕೂ ಇಲಾಖೆ ಒಂದೇ, ನಿಯಮ ಒಂದೇ. ಆದುದರಿಂದ ಆ ಜಗಳ ನಮ್ಮದೂ ಹೌದು. ಗುಡ್ಡದ ಮಸಬಿನ ಹೊಲವೂ ಹೊಳೆಸಾಲಿನ ಎರೆಯೂ ಒಂದೇ ಹಳ್ಳಿಯ ಒಂದೇ ಆಣೆಯಲ್ಲಿ ಸೇರಿಹೋದರೆ ಒಬ್ಬನಿಗೆ ಅನಾಯಾಸದ ಲಾಭ, ಇನ್ನೊಬ್ಬನಿಗೆ ಅನ್ಯಾಯ. ನಾಣ್ಯಪದ್ಧತಿ ಬದಲಾದ ಮೇಲೆ ಆಣೆವಾರಿಯು ಮಹಾರಾಷ್ಟ್ರದಲ್ಲಿ ಪೈಸೆವಾರಿಯಾಗಿ, ೫೦ ಪೈಸೆಗಿಂತ ಕಡಿಮೆಯಾದರೆ ಬರ ಎಂಬ ರೂಪದಲ್ಲಿ ಬಹು ಕಾಲ ನಡೆದುಬಂತು.

ಇಲ್ಲಿಯೂ ಅದೇ ಕೊರತೆ. ಕಂದಾಯ ಬಿಟ್ಟರೆ ಲಾಭ ಕಂದಾಯ ಕಟ್ಟುವ ಖಾತೆದಾರನಿಗೆ. ಅವನ ಹೊಲವನ್ನು ಕೋರಿಗೆ ಮಾಡಿ ಬೆವರು ಸುರಿಸಿದವನಿಗೆ ಆ ಲಾಭ ಇಳಿದುಬರುವದು ಖಾತೆದಾರನ ಮನಸ್ಸಿನ ಮೇಲೆ ಅವಲಂಬಿಸಿತ್ತು.

ಏಕೀಕರಣದ ನಂತರ

೧೯೫೬ರ ನವೆಂಬರ ೧ರಂದು ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡಿಗರ ಒಂದೇ ರಾಜ್ಯದಲ್ಲಿ ಸೇರಿದವು. ನಾವು ಪ್ರತಿವರ್ಷ ಆಚರಿಸುವ ಹಬ್ಬ ಆ ದಿನದ್ದೇ. ಬರಪರಿಹಾರದ ವಿಷಯದಲ್ಲಿ ಅದರ ಅರ್ಥವೇನೆಂದರೆ, ಇಂಡಿ ಸಿಂದಗಿಯ ರೈತನು ತನ್ನ ಅಹವಾಲನ್ನು ತನ್ನ ಭಾಷೆಯಲ್ಲಿ ಬರೆದು, ತನ್ನ ಭಾಷೆಯಲ್ಲಿಯೇ ಉತ್ತರ ಪಡೆಯುವ ದಾರಿ ತೆರೆಯಿತು. ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಕಾಲುವೆ ಬಂದ ಕಡೆ ಬರದ ಅಂಜಿಕೆ ಕಡಿಮೆಯಾಯಿತು; ಬಾರದ ಕಡೆ ಮುಗಿಲೇ ಗತಿ.

ಹಣದ ವ್ಯವಸ್ಥೆಯೂ ನಿಧಾನವಾಗಿ ಬದಲಾಯಿತು. ೧೯೫೭ರಲ್ಲಿ ಎರಡನೆಯ ಹಣಕಾಸು ಆಯೋಗವು ಪ್ರತಿ ರಾಜ್ಯವೂ ವಿಪತ್ತಿಗೆಂದು ಸ್ವಲ್ಪ ಹಣ ತೆಗೆದಿಡುವ ಪದ್ಧತಿಯನ್ನು ಸೂಚಿಸಿತು. ಒಂಬತ್ತನೆಯ ಆಯೋಗದ ಸಲಹೆಯಂತೆ ೧೯೯೦ರಿಂದ ವಿಪತ್ತು ಪರಿಹಾರ ನಿಧಿ ಹುಟ್ಟಿತು. ಅದಕ್ಕೆ ನೂರಕ್ಕೆ ೭೫ ಕೇಂದ್ರದ್ದು, ೨೫ ರಾಜ್ಯದ್ದು. ೨೦೦೫ರ ವಿಪತ್ತು ನಿರ್ವಹಣಾ ಕಾನೂನಿನ ನಂತರ, ೨೦೧೦ರಿಂದ ಇವು ರಾಜ್ಯ ವಿಪತ್ತು ಸ್ಪಂದನ ನಿಧಿ, ರಾಷ್ಟ್ರೀಯ ವಿಪತ್ತು ಸ್ಪಂದನ ನಿಧಿ ಎಂಬ ಹೆಸರು ಪಡೆದವು.

೧೯೭೨ರ ಬರವನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ಮಹಾರಾಷ್ಟ್ರವು ಆಗ ತೆರೆದ ಕಾಮಗಾರಿಗಳ ಅನುಭವದಿಂದ ೧೯೭೭ರಲ್ಲಿ ಉದ್ಯೋಗ ಖಾತರಿಯ ಕಾನೂನನ್ನೇ ಮಾಡಿತು. ಅದು ೨೦೦೫ರ ರಾಷ್ಟ್ರೀಯ ಕಾನೂನಿಗೆ ಮಾದರಿಯಾಯಿತು. ಟೆಂಪಲನು ದಯೆಯೆಂದು ಅಳೆದು ಕೊಟ್ಟ ಕೂಲಿಯು ನೂರು ವರ್ಷಗಳ ನಂತರ ಹಕ್ಕಾಗಿ ಮಾರ್ಪಟ್ಟಿತು.

ಕರ್ನಾಟಕವು ಅದೇ ದಶಕದಲ್ಲಿ ಇನ್ನೊಂದು ದೊಡ್ಡ ಹೆಜ್ಜೆಯಿಟ್ಟಿತು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಒಡೆಯನಾದನು. ಸೈನಿಕರಂಥ ಕೆಲವರನ್ನು ಬಿಟ್ಟು ಮಿಕ್ಕವರು ಜಮೀನನ್ನು ಗೇಣಿಗೆ ಕೊಡುವದೇ ನಿಷಿದ್ಧವಾಯಿತು. ಲಕ್ಷಾಂತರ ಕುಟುಂಬಗಳಿಗೆ ಅದು ಹೊಸ ಬಾಳು. ಆದರೆ ನಿಷೇಧದ ನಂತರವೂ ಹೊಲಗಳು ಬಾಯಿಮಾತಿನ ಮೇಲೆ ಲಾವಣಿಗೆ, ಪಾಲಿಗೆ ಹೋಗುವದು ನಿಲ್ಲಲಿಲ್ಲ. ಹಾಗೆ ಮಾಡುವವನ ಹತ್ತಿರ ಕಾಗದವಿಲ್ಲ. ಕಾಗದ ಮಾಡಿದರೆ ಅದೇ ಅಪರಾಧ. ಬೆಳೆ ಒಣಗಿದಾಗ ನಷ್ಟ ಅವನದು, ದಫ್ತರದಲ್ಲಿ ಹೆಸರು ಬೇರೆಯವರದು.

ಹೆಕ್ಟೇರಿನ ಲೆಕ್ಕ

ಇಂದಿನ ಪರಿಹಾರಕ್ಕೆ ಅಧಿಕೃತ ಹೆಸರು ಬೆಳೆಹಾನಿಯ ಸಲುವಾಗಿ ಕೊಡುವ ಇನ್‌ಪುಟ್ ಸಬ್ಸಿಡಿ. ಅಂದರೆ ಇದು ಬೆಳೆಯ ಬೆಲೆಯಲ್ಲ. ಮುಂದಿನ ಬಿತ್ತನೆಗೆ ಬೀಜ ಗೊಬ್ಬರದ ಆಸರೆ. ೨೦೧೫ಕ್ಕೆ ಮುಂಚೆ ಅರ್ಧ ಬೆಳೆ ಹೋದವನಿಗೆ ಮಾತ್ರ ಇದು ದೊರೆಯುತ್ತಿತ್ತು. ೨೦೧೫ರಲ್ಲಿ ಆ ಮಿತಿಯನ್ನು ನೂರಕ್ಕೆ ೩೩ಕ್ಕೆ ಇಳಿಸಿ, ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ ೬,೮೦೦, ನೀರಾವರಿಗೆ ೧೩,೫೦೦, ಬಹುವಾರ್ಷಿಕ ಬೆಳೆಗೆ ೧೮,೦೦೦ ರೂಪಾಯಿ ಎಂದು ಏರಿಸಲಾಯಿತು. ೨೦೨೨ರಲ್ಲಿ, ೨೦೨೫-೨೬ರವರೆಗಿನ ಅವಧಿಗೆಂದು, ಇವು ಕ್ರಮವಾಗಿ ೮,೫೦೦, ೧೭,೦೦೦, ೨೨,೫೦೦ ಆದವು. ಒಬ್ಬ ರೈತನಿಗೆ ಹೆಚ್ಚೆಂದರೆ ೨ ಹೆಕ್ಟೇರಿಗೆ ಮಾತ್ರ. ರಾಜ್ಯ ಸರಕಾರ ಕೆಲವು ವರ್ಷ ತನ್ನ ಕೈಯಿಂದ ಮೇಲೆ ಸೇರಿಸಿದ್ದೂ ಉಂಟು. ೨೦೨೧ರ ಡಿಸೆಂಬರಿನಲ್ಲಿ ಮಳೆಯಾಶ್ರಿತ ಹೊಲದ ಮೊತ್ತವನ್ನು ೧೩,೬೦೦ಕ್ಕೆ ಏರಿಸಿತು.

ಗುಮಾಸ್ತನ ರೀತಿಯಲ್ಲಿ ಲೆಕ್ಕ ಹಾಕೋಣ. ನಾಲ್ಕು ಎಕರೆ ಎರೆಹೊಲವೆಂದರೆ ೧.೬೨ ಹೆಕ್ಟೇರು. ೮,೫೦೦ರ ದರದಂತೆ ಸುಮಾರು ೧೩,೭೭೦ ರೂಪಾಯಿ, ಎಕರೆಗೆ ೩,೪೪೦. ಹರಗುವದು, ಬೀಜ, ಗೊಬ್ಬರ, ಕೂಲಿ ಎಲ್ಲ ಕೂಡಿಸಿ ನೋಡಿದವರಿಗೆ ಈ ಹಣ ಎಲ್ಲಿಯವರೆಗೆ ಸಾಕಾದೀತೆಂದು ನಾನು ಹೇಳಬೇಕಾಗಿಲ್ಲ. ಆದರೂ ಇದು ಸಾಲವಲ್ಲ, ಬಡ್ಡಿಯಿಲ್ಲ, ಮರಳಿ ಕೊಡಬೇಕಿಲ್ಲ. ಸಂಕಟದಲ್ಲಿ ಕೈಗೆ ಬಂದ ಹತ್ತು ಸಾವಿರವೂ ಒಂದು ಎತ್ತನ್ನು ಸಂತೆಗೆ ಹೋಗದಂತೆ ತಡೆಯಬಲ್ಲದು.

೨೦೨೩ರ ಬರ ಈ ವ್ಯವಸ್ಥೆಯ ಪರೀಕ್ಷೆಯಾಯಿತು. ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಘೋಷಿತವಾದವು. ಮೊದಲ ಘೋಷಣೆ ಹೊರಟದ್ದು ಸೆಪ್ಟೆಂಬರಿನಲ್ಲಿ. ರಾಜ್ಯವು ಕೇಂದ್ರವನ್ನು ಕೇಳಿದ್ದು ೧೮,೧೭೧ ಕೋಟಿ ರೂಪಾಯಿ. ಹಣ ಬಾರದೆ ೨೦೨೪ರ ಮಾರ್ಚಿನಲ್ಲಿ ರಾಜ್ಯವು ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲಿನ ಕೊನೆಗೆ ಸುಮಾರು ೩,೪೫೪ ಕೋಟಿ ಬಿಡುಗಡೆಯಾಯಿತು. ಅದಕ್ಕೂ ಮುನ್ನ, ಜನವರಿಯಿಂದ ರಾಜ್ಯವು ತನ್ನ ಖಜಾನೆಯಿಂದ ಪ್ರತಿ ರೈತನಿಗೆ ೨,೦೦೦ ರೂಪಾಯಿಯವರೆಗೆ ಮೊದಲ ಕಂತನ್ನು ಕೊಟ್ಟಿತ್ತು. ತಪ್ಪು ಯಾರದೆಂಬ ರಾಜಕೀಯ ಚರ್ಚೆಗೆ ಇದು ಸ್ಥಳವಲ್ಲ. ಸೆಪ್ಟೆಂಬರಿನಲ್ಲಿ ಒಣಗಿದ ಬೆಳೆಯ ಪೂರ್ಣ ಪರಿಹಾರ ಮೇ ತಿಂಗಳಿನ ಹೊತ್ತಿಗೆ ರೈತನನ್ನು ಮುಟ್ಟಿತೆಂಬುದು ಮಾತ್ರ ಸತ್ಯ. ತಗಾವಿಯ ಕಾಲದ ವಿಳಂಬ ಪೂರ್ತಿ ತೊಲಗಿಲ್ಲ.

ಹೆಸರಿನ ತೊಡಕು

ಈಗ ಹಣ ಬರುವ ರೀತಿ ಹೀಗೆ. ಉತಾರೆಗಳು ೨೦೦೦ದ ಹೊತ್ತಿನಲ್ಲಿ ಭೂಮಿ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿದವು. ರೈತನು ತನ್ನ ಸರ್ವೆ ನಂಬರುಗಳನ್ನೂ ಆಧಾರ್ ಸಂಖ್ಯೆಯನ್ನೂ ಫ್ರೂಟ್ಸ್ ಎಂಬ ತಂತ್ರಾಂಶದಲ್ಲಿ ನೋಂದಾಯಿಸಿ ಒಂದು ಗುರುತಿನ ಸಂಖ್ಯೆ ಪಡೆಯುವನು. ಬೆಳೆ ಸಮೀಕ್ಷೆಯಲ್ಲಿ ಯಾವ ಹೊಲದಲ್ಲಿ ಯಾವ ಬೆಳೆ ಎಂಬುದು ದಾಖಲಾಗುವದು. ಹಾನಿ ನಿಶ್ಚಯವಾದ ಮೇಲೆ ಪರಿಹಾರ ಎಂಬ ಹೆಸರಿನ ತಂತ್ರಾಂಶವು ಮೊತ್ತವನ್ನು ಲೆಕ್ಕ ಹಾಕಿ, ಆಧಾರ್ ಜೋಡಣೆಯಾದ ಬ್ಯಾಂಕು ಖಾತೆಗೆ ನೇರವಾಗಿ ಕಳಿಸುವದು. ನಡುವೆ ಯಾರೂ ಕೈಯೊಡ್ಡುವಂತಿಲ್ಲ. ಇದು ನಿಸ್ಸಂದೇಹವಾಗಿ ದೊಡ್ಡ ಸುಧಾರಣೆ. ಹಿಂದೆ ಪೇಟೆಯ ಕಚೇರಿಗೆ ಹತ್ತು ಸಲ ಅಲೆದವನು ಇಂದು ಮೊಬೈಲಿನ ಗಂಟೆಯಿಂದಲೇ ಹಣ ಬಂದುದನ್ನು ಅರಿಯುವನು.

ಆದರೆ ಯಂತ್ರಕ್ಕೆ ಮುಖದ ಪರಿಚಯವಿಲ್ಲ. ಹಳೆಯ ಕುಲಕರ್ಣಿಗೆ ಎಷ್ಟೇ ದೋಷಗಳಿದ್ದರೂ ಈ ಹೊಲ ಇಂಥವನ ಮಗ ಮಾಡುತ್ತಾನೆ ಎಂಬುದು ಗೊತ್ತಿತ್ತು. ಯಂತ್ರಕ್ಕೆ ಗೊತ್ತಿರುವದು ಉತಾರೆಯ ಹೆಸರು, ಆಧಾರಿನ ಹೆಸರು, ಖಾತೆಯ ಹೆಸರು ಈ ಮೂರೇ. ಮೂರೂ ಕೂಡಿದರೆ ಹಣ, ಕೂಡದಿದ್ದರೆ ಇಲ್ಲ.

೨೦೨೪ರಲ್ಲಿ ನಮ್ಮ ಬ್ಯಾಂಕಿನ ಕಟ್ಟೆಗೆ ಇಂಡಿ ತಾಲ್ಲೂಕಿನ ಗೃಹಸ್ಥರೊಬ್ಬರು ಬಂದು ಪಾಸ್‌ಬುಕ್ಕು ಮುಂದಿಟ್ಟರು. ಪುಣೆಯಲ್ಲಿ ಕಾರಖಾನೆಯ ನೌಕರಿ ಮುಗಿಸಿ ನಿವೃತ್ತರಾದವರು. "ಇದೇನ್ರೀ, ಎಲ್ಲಿಂದ ಬಂತು ಈ ಎರಡು ಸಾವಿರ?" ಎಂದು ಕೇಳಿದರು. ನೋಡಿದರೆ ಬೆಳೆ ಪರಿಹಾರ. ಹಿಂದೊಮ್ಮೆ ಊರಿಗೆ ಹೋದಾಗ ಯಾರೋ ಕೇಳಿದರೆಂದು ಆಧಾರ್ ಕೊಟ್ಟು ಬಂದಿದ್ದರಂತೆ. ಹೊಲ ಅವರ ಹೆಸರಿನಲ್ಲಿದೆ. ಮೂವತ್ತು ವರ್ಷಗಳಿಂದ ಉಳುವವರು ತಮ್ಮ. ತಮ್ಮನು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಹೋಗಿ ಪಟ್ಟಿಯಲ್ಲಿ ಹೆಸರಿಲ್ಲವೆಂದು ಮರಳಿದ್ದನಂತೆ. ಆ ಗೃಹಸ್ಥರು ಅಲ್ಲಿಯೇ ನಿಂತು ತಮ್ಮನ ಖಾತೆಗೆ ಹಣ ಕಳಿಸಿದರು. ಎಲ್ಲ ಮನೆಗಳಲ್ಲಿಯೂ ಹೀಗೆ ಆಗುವದೆಂದು ಹೇಳಲಾಗದು.

ಇದಕ್ಕಿಂತ ಕಠಿಣವಾದುದು ಸತ್ತವರ ಹೆಸರಿನ ಉತಾರೆ. ಅಜ್ಜ ಹೋಗಿ ಇಪ್ಪತ್ತು ವರ್ಷವಾದರೂ ಖಾತೆ ಅಜ್ಜನದೇ. ಸತ್ತವನಿಗೆ ಆಧಾರಿಲ್ಲ, ಆಧಾರಿಲ್ಲದವನಿಗೆ ಪರಿಹಾರವಿಲ್ಲ. ಕರ್ನಾಟಕದಲ್ಲಿ ಇಂಥ ಖಾತೆಗಳು ಲಕ್ಷಗಟ್ಟಲೆ ಇರುವದರಿಂದಲೇ ರಾಜ್ಯ ಸರಕಾರವು ೨೦೨೫ರಲ್ಲಿ ಪೌತಿ ಖಾತೆಯ ಆಂದೋಲನವನ್ನು ಕೈಕೊಂಡಿತು. ವಾರಸುದಾರರಲ್ಲಿ ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಲ್ಲಿ, ಅಕ್ಕ ಕೊಟ್ಟ ಮನೆಯಲ್ಲಿ. ಎಲ್ಲರ ಸಹಿ ಕೂಡುವದೇ ಇಲ್ಲ. ಜಂಟಿ ಖಾತೆಯಲ್ಲಿ ಯಾರ ಪಾಲು ಎಷ್ಟೆಂದು ಬರೆದಿರದಿದ್ದರೆ ಅಲ್ಲಿಯೂ ತೊಡಕು. ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ೧೯೯೪ರಿಂದ, ದೇಶಕ್ಕೆಲ್ಲ ೨೦೦೫ರಿಂದ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕಿದೆ. ಗಂಡ ತೀರಿದ ಮೇಲೆ ಹೊಲ ನಡೆಸುವ ಎಷ್ಟೋ ತಾಯಂದಿರ ಹೆಸರು ಇಂದಿಗೂ ಉತಾರೆಯಲ್ಲಿಲ್ಲ.

ಬಂದ ಹಣಕ್ಕೂ ಕಂ‍ಟಕ ತಪ್ಪಿದ್ದಲ್ಲ. ಪರಿಹಾರದ ಮೊತ್ತವನ್ನು ಹಳೆಯ ಸಾಲಕ್ಕೆ ಹೊಂದಿಸಿಕೊಂಡರೆಂಬ ದೂರುಗಳು ೨೦೨೪ರಲ್ಲಿ ಎದ್ದು, ಹಾಗೆ ಮಾಡಕೂಡದೆಂದು ಸರಕಾರವು ಬ್ಯಾಂಕುಗಳಿಗೆ ಸೂಚಿಸಬೇಕಾಯಿತು. ನಮ್ಮ ವೃತ್ತಿಬಾಂಧವರು ಇದನ್ನು ಮನದಲ್ಲಿಡಬೇಕು. ಬಿತ್ತುವ ಕಾಳಿಗೆಂದು ಬಂದ ಹಣವನ್ನು ಬಾಕಿಗೆ ಜಮಾ ಮಾಡಿಕೊಳ್ಳುವದು ಲೆಕ್ಕಕ್ಕೆ ಸರಿಯೆನಿಸಬಹುದು, ಧರ್ಮಕ್ಕೆ ಸರಿಯಲ್ಲ.

ನಮ್ಮಿಂದ ಆಗುವ ಕೆಲಸ

ಟೆಂಪಲನ ಒಂದು ಪೌಂಡಿನಿಂದ ಇಂದಿನ ನೇರ ಜಮೆಯವರೆಗೆ ಸರಕಾರದ ದೃಷ್ಟಿ ಬಹಳ ದೂರ ಬಂದಿದೆ. ಹಸಿವಿನ ಪರೀಕ್ಷೆಯಿಂದ ನಷ್ಟದ ಪರಿಗಣನೆಗೆ, ಸಾಲದಿಂದ ಸಹಾಯಕ್ಕೆ ಅದು ಮುನ್ನಡೆದಿದೆ. ಆದರೆ ಕಲ್ಲೊಡೆಯುವ ಕಾಮಗಾರಿಯಲ್ಲಿ ಹೆಸರು ಕೇಳುತ್ತಿರಲಿಲ್ಲ, ಮೈ ನೋಡುತ್ತಿದ್ದರು. ಇಂದು ಹೆಸರು ಕೇಳುತ್ತಾರೆ, ಮೈ ನೋಡುವದಿಲ್ಲ. ಲಾವಣಿಗೆ ಮಾಡುವವನನ್ನು ದಾಖಲಿಸುವ ದಾರಿಯನ್ನು ಶಾಸನಸಭೆಯೇ ಹುಡುಕಬೇಕು. ದರ ಹೆಚ್ಚಿಸುವದು, ಹಣ ಬೇಗ ಕಳಿಸುವದು ಸರಕಾರಗಳ ಕೆಲಸ.

ನಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಮುಂದಿನ ಸಲ ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಮನೆತನದ ಉತಾರೆಯನ್ನು ತೆಗೆಸಿ ನೋಡಿರಿ. ಹಿರಿಯರ ಹೆಸರಿನಲ್ಲಿಯೇ ಇದ್ದರೆ ಮರಣದ ದಾಖಲೆಯನ್ನೂ ವಂಶವೃಕ್ಷವನ್ನೂ ಕೂಡಿಸಿ ಪೌತಿ ಖಾತೆಗೆ ಅರ್ಜಿ ಕೊಡಿಸಿರಿ. ನಿಮ್ಮ ಸಹಿ ಬೇಕಾದರೆ ರಜೆಯಿಲ್ಲವೆಂದು ಮುಂದೂಡಬೇಡಿರಿ. ಅಣ್ಣತಮ್ಮಂದಿರು ಒಪ್ಪಿ ಪಾಲುಗಳನ್ನು ಬರೆಸಿರಿ. ಅಕ್ಕತಂಗಿಯರ ಹಕ್ಕನ್ನೂ ವಿಧವೆಯರ ಹಕ್ಕನ್ನೂ ಮರೆಯಬೇಡಿರಿ. ಪರಿಹಾರದ ಹಣ ನಿಮ್ಮ ಖಾತೆಗೆ ಬಂದರೆ ಅದು ಯಾರ ಬೆವರಿನದೆಂದು ಒಮ್ಮೆ ಯೋಚಿಸಿ ಅಲ್ಲಿಗೆ ಮುಟ್ಟಿಸಿರಿ.

ನಾಡಿನ ಮೇಲಣ ಅಭಿಮಾನವನ್ನು ತೋರಿಸಲು ಮೆರವಣಿಗೆಯೂ ಬೇಕು, ನಾಟಕವೂ ಬೇಕು, ಈ ಸಂಚಿಕೆಯೂ ಬೇಕು. ಅವುಗಳೊಡನೆ ಊರಿನ ಚಾವಡಿಯಲ್ಲಿ ನಾವು ಹಾಕುವ ಒಂದು ಸಹಿಯೂ ಸೇರಲಿ. ಮುಂದಿನ ಬರ ಬಂದೇ ಬರುವದು. ಅದು ಬರುವ ಮೊದಲು ಹೊಲ ಉಳುವವನ ಹೆಸರು ದಫ್ತರದಲ್ಲಿರಲಿ.